ಕೊಳೆಯಾದ ಪೆನ್‌ಡ್ರೈವ್

ಮಣಿಪಾಲದ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೆ ನಾನು ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದು ಯಾರ ಮಾತನ್ನೂ ಕೇಳದೆ. ಹೆಂಡತಿ ಅದನ್ನು ಮೈಮೇಲೆ ದೈವ ಬರುವ ಪಾತ್ರಿ ಎಂದೇ ಕರೆಯುತ್ತಾಳೆ. ಎಷ್ಟು ಪ್ರಾರ್ಥಿಸಿದರೂ ನೇರ ಉತ್ತರ ಕೊಡುವುದಿಲ್ಲವಂತೆ.

ಅವಳ ದೊಡ್ಡಮ್ಮ ಎರ್ಮಾಳಿನಿಂದ ಒಂದು ಪೆನ್‌ಡ್ರೈವ್ ಹಿಡಿದು ಬಂದರು. ಗಂಟಲಿನ ಆಪರೇಷನ್ನಿಗೆ ಮೊದಲು ಅವರು ಹಾಡಿದ ಪಾಡ್ದನ, ಗದ್ದೆ ನಾಟಿಯ ತುಳು ಹಾಡು, ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಈಗ ಅವರಿಗೆ ಬರುವುದು ಪಿಸುಮಾತಷ್ಟೇ. ಬೈಯಲಿಕ್ಕೆ ಅದು ಧಾರಾಳ ಸಾಕಾಗುತ್ತದೆ.

ಚುಚ್ಚಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಕಮಾಂಡ್ ಕೊಟ್ಟು ಕೇಳಿದರೆ ಡಿಸ್ಕ್ ಇದೆ ಎಂದಿತು. ತೆರೆ ಎಂದರೆ ತೆರೆಯಲಿಲ್ಲ.

"ಉಂಟಂತೆ, ಆದರೆ ಕಾಣುವುದಿಲ್ಲ," ಎಂದೆ.

"ಉಂಟು ಅಂತ ನನಗೂ ಗೊತ್ತುಂಟು ಮಾರಾಯರೇ," ದೊಡ್ಡಮ್ಮ ಪಿಸುಗುಟ್ಟಿದರು.

ಸಿಸ್ಟಂ ಬರೆದಿಟ್ಟ ಸಂದೇಶಗಳನ್ನು ಕೆದಕಿದಾಗ ಕಾರಣ ಸಿಕ್ಕಿತು: ಡಿಸ್ಕ್ 'ಡರ್ಟಿ'. ನಮ್ಮ ಕಡೆ ಯಾರ ಮನೆಯಿಂದ ಏಳುವಾಗಲೂ "ಬರ್ತೇನೆ" ಎಂದು ಹೇಳಿಯೇ ಏಳಬೇಕು. ಪೆನ್‌ಡ್ರೈವಿಗೂ ಅದೇ ಕ್ರಮ. ಹಿಂದೆ ಯಾರೋ ಹೇಳದೆ ಕೇಳದೆ ಕಿತ್ತಿದ್ದರಿಂದ, ಬರೆದದ್ದು ಅರ್ಧಕ್ಕೆ ನಿಂತಿರಬಹುದೆಂಬ ಗುಮಾನಿ ಲಿನಕ್ಸಿಗೆ. ಇದನ್ನೆಲ್ಲ ವಿವರಿಸುವ ತಾಳ್ಮೆಯಿಲ್ಲದೆ "ಕೊಳೆ ಉಂಟಂತೆ" ಎಂದುಬಿಟ್ಟೆ. ಪೆನ್‌ಡ್ರೈವನ್ನು ಕಳಚಿ ಮೇಜಿನ ಮೇಲಿಟ್ಟು ಪರಿಹಾರ ಹುಡುಕುತ್ತ ಕೂತೆ.

ತಲೆ ಎತ್ತುವಾಗ ಅದು ಅಲ್ಲಿರಲಿಲ್ಲ. ದೊಡ್ಡಮ್ಮ ಅಡುಗೆಮನೆಯ ನಳ್ಳಿಯ ಕೆಳಗೆ ಪಾತ್ರೆ ತೊಳೆಯುವ ಸಾಬೂನು ಹಾಕಿ ಅದನ್ನು ಉಜ್ಜುತ್ತಿದ್ದರು.

"ಮೀನಿನ ಕೈಯಲ್ಲಿ ಮುಟ್ಟಿದ್ದೆನಲ್ಲ," ಎಂದರು ನಾಚಿಕೊಂಡು.

ಓಡಿಹೋಗಿ ಅದನ್ನು ಕಸಿದುಕೊಂಡೆ. ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದಳು.

ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟು, ಚೆನ್ನಾಗಿ ಒಣಗಿದ ಮೇಲೆ ದೇವರ ಮೇಲೆ ಭಾರ ಹಾಕಿ ಚುಚ್ಚಿದೆ. ಬದುಕಿತ್ತು. ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಆಮೇಲೆ ಆ 'ಡರ್ಟಿ' ಗುರುತನ್ನು ಅಳಿಸಿದೆ. ತೆರೆದುಕೊಂಡಿತು.

"ತೊಳೆದದ್ದಕ್ಕೇ ಸರಿಯಾಯಿತು, ಅಲ್ವಾ?" ಎಂದರು ದೊಡ್ಡಮ್ಮ. ನಾನು ಹೌದೆಂದು ಹಾಡು ಹಾಕಿದೆ.

ಸ್ಪೀಕರಿನಿಂದ ಅವರ ತುಂಬು ಸ್ವರ ಬಂತು. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಕೈ ಎತ್ತಿ ನಿಲ್ಲಿಸಿದರು.

"ಈ ಸಾಲು ತಪ್ಪಿದ್ದೇನೆ. ಇದರಲ್ಲಿ ಸರಿ ಮಾಡ್ಲಿಕ್ಕೆ ಉಂಟಾ?"

ಇಲ್ಲ ಎಂದೆ.

ಅವರು ಹೆಂಡತಿಯ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. "ಹಾಗಾದರೆ ನೀನು ಕಲಿ," ಎಂದು ಸರಿಯಾದ ಸಾಲನ್ನು ಅವಳ ಕಿವಿಯಲ್ಲಿ ಹೇಳಿದರು. ಅವಳು ಹಾಡಿದಳು. ದೊಡ್ಡಮ್ಮ ಮುಖ ಕಿವುಚಿ, ಮತ್ತೆ ಮೊದಲಿನಿಂದ ಹೇಳಿಕೊಟ್ಟರು.