ಮೀಟರಪ್ಪ ತಿರುಗಿಸಿದ ಮುಳ್ಳು

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯ ಮೀಟರಪ್ಪ. ಹೆತ್ತವರು ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಎಲ್ಲೋ ಇರಬೇಕು, ಕರೆಯುವವರಂತೂ ಯಾರೂ ಇಲ್ಲ. ಮೂವತ್ತೆಂಟು ವರ್ಷ ಕಾರ್ಖಾನೆಯ ಬಾಯ್ಲರುಗಳ ಒತ್ತಡ ತೋರಿಸುವ ಮೀಟರುಗಳನ್ನು ಬಿಚ್ಚಿ, ತೊಳೆದು, ಸರಿಮಾಡಿ ಕೂರಿಸಿದ್ದೇ ಅವನ ಕೆಲಸ. ಅವನ ಕೈಯಿಂದ ಹೋದ ಮೀಟರು ಸುಳ್ಳು ಹೇಳಿದ್ದಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳೇ ಜಗಳಕ್ಕೆ ಬಿದ್ದಾಗ "ಅವನನ್ನ ಕರೀರಿ, ಅವನು ಹೇಳಿದ್ದೇ ಸರಿ" ಅನ್ನುತ್ತಿದ್ದರಂತೆ. 'ಅಂತೆ' ಯಾಕೆ ಅಂದರೆ, ಇದನ್ನು ಅವನೇ ನೂರು ಸಲ ಹೇಳಿಕೊಂಡಿದ್ದಾನೆ.

ನಿವೃತ್ತಿಯಾದ ಮೇಲೆ ಆ ಕೈಗಳಿಗೆ ಕೆಲಸ ಬೇಡವೇ? ಮನೆಯ ಗಡಿಯಾರ ಬಿಚ್ಚಿದ. ಮಿಕ್ಸಿ ಬಿಚ್ಚಿದ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನು ಇಳಿಸಿ ಮೂರು ದಿನ ಎಲ್ಲರನ್ನೂ ಬೆವರಿಸಿದ. ಕುಕ್ಕರಿಗೆ ಕೈ ಹಾಕಿದ ದಿನ ಹೆಂಡತಿ ಸೌಟು ಹಿಡಿದೇ ಬಾಗಿಲು ತೋರಿಸಿದಳು.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಾದ್ರೂ ಹೋಗಿ. ಸಂಜೆ ತನಕ ಈ ಕಡೆ ತಲೆ ಹಾಕಬೇಡಿ."

ಹೋಗಿ ಸೇರಿದ್ದು ಶಾಲೆಯ ಹಿಂದಿನ ಷೆಡ್ಡಿಗೆ. ವಯಸ್ಸಾದ ಗಂಡಸರು ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಬಾರದು ಅಂತ ಯಾರೋ ಪುಣ್ಯಾತ್ಮರು ಹಳೇ ಗೋದಾಮೊಂದನ್ನು ಬಿಡಿಸಿಕೊಟ್ಟಿದ್ದರು. ಮರ ತಿರುಗಿಸಿ ಕೆತ್ತುವ ಒಂದು ಲೇತು, ಒಂದು ಡ್ರಿಲ್ಲು, ಗೋಡೆ ತುಂಬ ಗರಗಸ, ಉಳಿ, ಸುತ್ತಿಗೆ. ಹದಿನಾಲ್ಕು ಜನ ಮುರಿದ ಕುರ್ಚಿ ಸರಿಮಾಡುತ್ತಿದ್ದರು, ಮಕ್ಕಳಿಗೆ ಪುಟ್ಟ ಸ್ಟೂಲು ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ಕುರ್ಚಿ, ಸ್ಟೂಲು ಎಲ್ಲ ನೆಪ. ಎದುರುಬದುರು ಕೂರಿಸಿದರೆ "ಚೆನ್ನಾಗಿದೀನಿ" ಅನ್ನುವುದು ಬಿಟ್ಟು ಬೇರೆ ಮಾತು ಬಾರದ ಗಂಡಸರು, ಮರ ಉಜ್ಜುತ್ತಾ, ಕಣ್ಣು ಮರದ ಮೇಲೇ ಇಟ್ಟುಕೊಂಡು, ಮಂಡಿ ನೋವಿನಿಂದ ಹಿಡಿದು ಮಗ ಮಾತು ಬಿಟ್ಟಿರುವುದರ ತನಕ ಎಲ್ಲವನ್ನೂ ಕಕ್ಕಿಬಿಡುತ್ತಿದ್ದರು.

ಡ್ರೈವರನ್ನು ಅಲ್ಲಿಗೆ ಎಳೆದು ತಂದವನೂ ಮೀಟರಪ್ಪನೇ. ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದ ಭಾರೀ ಆಳು, ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಮೀಟರಪ್ಪ ದಿನಾ ಹೋಗಿ ಬಾಗಿಲು ಬಡಿದು, ಬೈದು, ಬೈಸಿಕೊಂಡು, ಕೊನೆಗೆ ಕೈಹಿಡಿದೇ ಕರೆತಂದಿದ್ದ. ಈಗ ಇಬ್ಬರೂ ಒಂದೇ ಬೆಂಚು. ದಿನಕ್ಕೆ ನಾಲ್ಕು ಜಗಳ ಆಡದಿದ್ದರೆ ಇಬ್ಬರಿಗೂ ಟೀ ರುಚಿಸುತ್ತಿರಲಿಲ್ಲ.

ಬುಧವಾರ ಬುಧವಾರ ನರ್ಸಮ್ಮ ಬರುತ್ತಿದ್ದಳು. ಬಿಪಿ ನೋಡುವ ಮೀಟರನ್ನು ಷೆಡ್ಡಿನ ಬೀರುವಿನಲ್ಲೇ ಇಟ್ಟಿದ್ದಳು. ಅವಳದ್ದೊಂದು ನಿಯಮ. ಮುಳ್ಳು ನೂರ ಎಂಬತ್ತು ದಾಟಿದವರು ಡಾಕ್ಟರ ಚೀಟಿ ತರುವ ತನಕ ಲೇತು, ಡ್ರಿಲ್ಲು ಯಾವುದನ್ನೂ ಮುಟ್ಟುವಂತಿಲ್ಲ, ಉಜ್ಜುವ ಬೆಂಚಿನಲ್ಲಿ ಕೂರಬೇಕು. ಅವತ್ತು ಮೀಟರಪ್ಪನ ತೋಳಿಗೆ ಪಟ್ಟಿ ಸುತ್ತಿ ಊದಿದಳು, ಇನ್ನೊಂದು ಸಲ ಊದಿದಳು.

"ನೂರ ತೊಂಬತ್ತೈದು. ಯಜಮಾನ್ರೇ, ಇವತ್ತೇ ಡಾಕ್ಟರ ಹತ್ರ ಹೋಗಿ. ಲೇತ್ ಬಂದ್."

"ನಿನ್ನ ಮೀಟರು ಕೆಟ್ಟಿದೆ ಕಣಮ್ಮಾ."

"ಮೀಟರು ಸರಿ ಇದೆ. ಮುಂದಿನ ವಾರ ನೋಡ್ತೀನಿ, ಚೀಟಿ ತನ್ನಿ."

ಡಾಕ್ಟರ ಹತ್ತಿರ ಹೋಗುವ ಗಂಡಸೇ ಅವನು? ಅವನ ಅಣ್ಣ ಆಸ್ಪತ್ರೆಗೆ ನಡೆದುಕೊಂಡು ಹೋದವನು, ವಾಪಸು ಬಂದದ್ದು ಸ್ಟ್ರೆಚರಿನಲ್ಲಿ, ಬಲಗೈ ಬಲಗಾಲು ಬಿದ್ದುಹೋಗಿ. ಆ ಕಾಯಿಲೆ ಆಸ್ಪತ್ರೆಯಿಂದ ಬಂದದ್ದಲ್ಲ ಅಂತ ಮೀಟರಪ್ಪನಿಗೂ ಗೊತ್ತು. ಗೊತ್ತಿದ್ದರೇನು, ಭಯ ಲೆಕ್ಕ ಕೇಳುತ್ತದೆಯೇ? ಹೆಂಡತಿಗೂ ಹೇಳಲಿಲ್ಲ. ಆರು ದಿನ ಉಜ್ಜುವ ಬೆಂಚಿನಲ್ಲಿ ಚಡಪಡಿಸಿದ. ಲೇತಿನ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುವುದು, ಕೂರುವುದು.

ಮಂಗಳವಾರ ಎಲ್ಲರೂ ಟೀಗೆ ಹೊರಗೆ ಹೋದಾಗ ಬೀರು ತೆಗೆದ. ಗಾಜು ಬಿಚ್ಚಿ ಒಳಗಿನ ಸಣ್ಣ ಕೊಂಡಿಯನ್ನು ಒಂದು ಕೂದಲೆಳೆ ಸರಿಸಿದ, ಅಷ್ಟೇ. ಮುಳ್ಳು ಸೊನ್ನೆಯಲ್ಲಿ ಸೊನ್ನೆಗೇ ನಿಲ್ಲುತ್ತಿತ್ತು, ಮೇಲಕ್ಕೆ ಹೋದಂತೆ ಸೋಮಾರಿಯಾಗುತ್ತಿತ್ತು. ನೂರು ಇದ್ದರೆ ಎಪ್ಪತ್ತೈದು ತೋರಿಸುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಳ್ಳು ಬಗ್ಗಿಸಿ ಸಿಕ್ಕಿಬೀಳುತ್ತಿದ್ದರು. ಇವನದು ಕಲಿತ ಕೈ, ಕಳ್ಳತನದಲ್ಲೂ ಅಚ್ಚುಕಟ್ಟು.

ಮರುದಿನ ಉಳಿದವರೆಲ್ಲ ಶಾಲೆಗೆ ಬೆಂಚು ಸಾಗಿಸಲು ಹೋಗಿದ್ದರು. ಷೆಡ್ಡಿನಲ್ಲಿದ್ದವರು ಮೀಟರಪ್ಪ, ಡ್ರೈವರು ಇಬ್ಬರೇ. ಮೀಟರಪ್ಪನದು ನೂರ ನಲವತ್ತಾರು ಬಂತು.

"ಡಾಕ್ಟರು ಒಳ್ಳೇ ಮಾತ್ರೆ ಕೊಟ್ಟಿದಾರೆ. ಚೀಟಿ ಎಲ್ಲಿ?" ಅಂದಳು ನರ್ಸಮ್ಮ.

"ಮನೇಲಿ ಮರೆತೆ. ನಾಳೆ ತರ್ತೀನಿ."

ಅವನ ಹಿಂದೆಯೇ ಡ್ರೈವರು ತೋಳು ಚಾಚಿದ. ನೂರ ಇಪ್ಪತ್ತನಾಲ್ಕು! ಆರು ವರ್ಷದಿಂದ ಮಾತ್ರೆ ನುಂಗುತ್ತಿದ್ದವನು ಕುಣಿಯುವುದೊಂದು ಬಾಕಿ. ಮೀಟರಪ್ಪ ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ, ಪಾಪಿ. ಒಂದು ಸಂಖ್ಯೆ ತಾನೇ, ಇದರಿಂದ ಯಾರಿಗೇನು ನಷ್ಟ ಅಂದುಕೊಂಡು ಲೇತಿನ ಸ್ವಿಚ್ಚು ಹಾಕಿದ.

ಶನಿವಾರ ಡ್ರೈವರು ಹಾಡು ಗುನುಗುತ್ತಾ ಬಂದ.

"ಮಾತ್ರೆ ಎಲ್ಲಾ ಕಸದ ಬುಟ್ಟಿಗೆ ಹಾಕ್ದೆ ಕಣೋ. ಬುಧವಾರವೇ ಬಿಟ್ಟೆ. ನೂರ ಇಪ್ಪತ್ನಾಲ್ಕಕ್ಕೆ ಯಾರಯ್ಯಾ ಮಾತ್ರೆ ತಗೋತಾರೆ?"

ಮೀಟರಪ್ಪ ಲೇತು ನಿಲ್ಲಿಸಿದ. "ಡಾಕ್ಟರನ್ನ ಕೇಳದೆ ಬಿಡ್ತಾರೇನೋ? ಬುದ್ಧಿ ಇದ್ಯಾ ನಿನಗೆ?"

"ನೀನು ಡಾಕ್ಟರ ಮಾತು ಹೇಳ್ತಿದೀಯಾ? ಹೊಟ್ಟೆ ಉರೀನಾ? ನಿನಗಿಂತ ಕಮ್ಮಿ ಬಂತು ಅಂತ!"

ಅವತ್ತಿನಿಂದ ಮೀಟರಪ್ಪನಿಗೆ ಅನ್ನ ಸೇರಲಿಲ್ಲ. ಲೇತಿನಲ್ಲಿ ಸ್ಟೂಲಿನ ಮೂರು ಕಾಲು ಹಾಳು ಮಾಡಿದ. ಡ್ರೈವರು ಮರದ ಹಲಗೆ ಎತ್ತಿದರೆ ಇವನು ಓಡಿಹೋಗಿ ಇನ್ನೊಂದು ತುದಿ ಹಿಡಿಯುತ್ತಿದ್ದ. ಅವನು ಒಮ್ಮೆ ಹಣೆ ಉಜ್ಜಿಕೊಂಡು "ಯಾಕೋ ತಲೆ ಭಾರ" ಅಂದಾಗ ಕೈಯಲ್ಲಿದ್ದ ಉಳಿ ಜಾರಿ ಬಿತ್ತು. ಭಾನುವಾರ ಷೆಡ್ಡಿಗೆ ರಜೆ. ಇವನು ಡ್ರೈವರ ಮನೆಯ ಬೀದಿಯಲ್ಲಿ ಐದು ಸಲ ಹಾದುಹೋದ, ಅವನು ಕೆಮ್ಮಿದ ಸದ್ದು ಕೇಳಿಸಿದ ಮೇಲೇ ಮನೆಗೆ ಹೋದ. ಒಳಗೆ ಹೋಗಿ ಹೇಳಲು ಏನಾಗಿತ್ತು ಧಾಡಿ? ಮೀಟರುಗಳ ವಿಷಯದಲ್ಲಿ ಅವನು ಸುಳ್ಳುಗಾರ ಅಂತಾದರೆ ಅವನ ಹತ್ತಿರ ಇನ್ನೇನು ಉಳಿಯಿತು? ಷೆಡ್ಡಿನಲ್ಲಿ ಮುಖ ತೋರಿಸುವುದು ಹೇಗೆ?

ಸೋಮವಾರ ಒಂದು ಉಪಾಯ ಹೊಳೆಯಿತು. ಕದ್ದು ಬೀರು ತೆಗೆದು ಕೊಂಡಿಯನ್ನು ಮೊದಲಿನಂತೆಯೇ ಕೂರಿಸಿದ. ಬುಧವಾರ ಸರಿಯಾದ ಸಂಖ್ಯೆ ಬರುತ್ತದೆ, ಡ್ರೈವರು ಹೆದರಿ ಮಾತ್ರೆ ಹಿಡಿಯುತ್ತಾನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಎರಡು ದಿನ ಅವನು ಕಳೆದ ರೀತಿ ಶತ್ರುವಿಗೂ ಬೇಡ.

ಬುಧವಾರ ಹದಿನಾಲ್ಕು ಜನವೂ ಇದ್ದರು. ಡ್ರೈವರು ಮೊದಲು ಕೂತ. ನರ್ಸಮ್ಮ ಪಟ್ಟಿ ಊದಿ, ಇಳಿಸಿ, ಮತ್ತೆ ಊದಿದಳು.

"ಇನ್ನೂರ ಆರು. ಯಜಮಾನ್ರೇ, ಮಾತ್ರೆ ತಗೋತಿದೀರಾ?"

"ಅಯ್ಯೋ ಬಿಡಮ್ಮಾ," ಡ್ರೈವರು ನಕ್ಕ. "ಹೋದ ವಾರ ನೂರ ಇಪ್ಪತ್ನಾಲ್ಕು ತೋರಿಸ್ತು, ಈ ವಾರ ಇನ್ನೂರಂತೆ! ನಿನ್ನ ಮೀಟರಿಗೆ ಹುಚ್ಚು ಹಿಡಿದಿದೆ."

"ಮೀಟರು ಸರಿ ಇದೆ, ತಮಾಷೆ ಮಾಡಬೇಡಿ."

"ನೀನು ಹೇಳಿದ್ರೆ ಆಯ್ತಾ? ಇಲ್ಲಿ ಮೀಟರು ತಿಳಿದವನು ಒಬ್ಬನೇ." ಡ್ರೈವರು ತಿರುಗಿದ. "ಬಾರೋ ಇಲ್ಲಿ. ಯಾವುದು ಸರಿ? ಹೋದ ವಾರದ್ದಾ, ಇವತ್ತಿಂದಾ? ನೀನು ಹೇಳಿದ್ದನ್ನ ಕಣ್ಣು ಮುಚ್ಚಿ ಒಪ್ತೀನಿ."

ಎಲ್ಲರೂ ಅವನ ಕಡೆ ನೋಡಿದರು. ಜೀವನವೆಲ್ಲ ಅವನಿಗೆ ಇಷ್ಟವಾದ ನೋಟ ಅದು. ಈಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಇವತ್ತಿಂದು" ಅಂತಷ್ಟೇ ಅಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಡ್ರೈವರು ಬಿಡುವವನೇ? ಹೋದ ವಾರ ಏನಾಗಿತ್ತು ಅಂತ ಕೇಳುತ್ತಾನೆ, ನಗುತ್ತಾನೆ, ಮಾತ್ರೆ ಮುಟ್ಟದೆ ಮನೆಗೆ ಹೋಗುತ್ತಾನೆ. ಆಮೇಲೆ?

"ಇವತ್ತಿಂದೇ ಸರಿ," ಅಂದ ಮೀಟರಪ್ಪ. "ಹೋದ ವಾರ ಅದನ್ನ ಕೆಡಿಸಿದ್ದು ನಾನು. ಕೊಂಡಿ ಸರಿಸಿದ್ದೆ. ಲೇತು ಬಿಡಬೇಕಾಗುತ್ತೆ ಅಂತ. ಡಾಕ್ಟರ ಹತ್ರಾನೂ ಹೋಗಿಲ್ಲ. ಸೋಮವಾರ ಮತ್ತೆ ಸರಿ ಮಾಡ್ದೆ."

ಡ್ರೈವರ ಮುಖದ ನಗು ಅಲ್ಲೇ ಸ್ವಲ್ಪ ಹೊತ್ತು ಇತ್ತು, ಆಮೇಲೆ ಹೋಯಿತು.

"ನಾನು ಮಾತ್ರೆ ಬಿಟ್ಟಿದ್ದು ನಿನಗೆ ಯಾವತ್ತು ಗೊತ್ತಾಯ್ತು?"

"ಶನಿವಾರ."

ಡ್ರೈವರು ಬೆರಳು ಮಡಿಸಿದ. "ಸೋಮವಾರ, ಮಂಗಳವಾರ ನನ್ನ ಪಕ್ಕದಲ್ಲೇ ಕೂತು ಟೀ ಕುಡಿದೆ."

ಮೀಟರಪ್ಪ ಅಂಗಿಯ ತೋಳು ಮಡಚಿ ನರ್ಸಮ್ಮನ ಮುಂದೆ ಕೂತ. ನೂರ ತೊಂಬತ್ತೆಂಟು. ಅವಳು ಇಬ್ಬರನ್ನೂ ಬೈದಳು, ಚೆನ್ನಾಗಿಯೇ ಬೈದಳು, ಬೈಯುತ್ತಲೇ ಫೋನು ಮಾಡಿ ಆಟೋ ಕರೆಸಿದಳು.

ಆಟೋದಲ್ಲಿ ಡ್ರೈವರು ಆ ತುದಿ, ಇವನು ಈ ತುದಿ. "ನನ್ನ ಹತ್ರ ಮಾತಾಡಬೇಡ" ಅಂದಿದ್ದ ಡ್ರೈವರು. ಆಸ್ಪತ್ರೆಯ ಗೇಟು ಕಾಣಿಸಿದಾಗ ಮೀಟರಪ್ಪ ಆಟೋದ ಕಂಬಿ ಬಿಗಿಯಾಗಿ ಹಿಡಿದುಕೊಂಡ. ಇಳಿದವನು ಮೆಟ್ಟಿಲ ಬಳಿ ನಿಂತೇಬಿಟ್ಟ.

"ನನ್ನ ಕೈಲಿ ಆಗಲ್ಲ ಕಣೋ. ಭಯ ಆಗುತ್ತೆ. ನೀನು ಹೋಗು."

ಡ್ರೈವರು ಅವನನ್ನು ಮೇಲಿಂದ ಕೆಳಗೆ ನೋಡಿದ. ಕ್ಷಮಿಸಿದ ಮುಖವಲ್ಲ ಅದು. ತೋಳು ಹಿಡಿದು ದರದರನೆ ಒಳಗೆ ಎಳೆದುಕೊಂಡು ಹೋದ. ಚೀಟಿ ಬರೆಯುವ ಹೆಂಗಸು ತಲೆಯೆತ್ತದೆ ಕೇಳಿದಳು, "ಪೇಷಂಟ್ ಯಾರು? ಜೊತೆಗೆ ಬಂದವರು ಯಾರು?"

"ಇಬ್ಬರೂ ಪೇಷಂಟೇ," ಅಂದ ಡ್ರೈವರು, ಹಿಡಿದ ತೋಳು ಬಿಡದೆ. "ನನ್ನ ಜೊತೆಗೆ ಬಂದಿರೋನು ಈ ಕಳ್ಳ. ಇವನಿಗೆ ನಾನು ಅಂತ ಬರ್ಕೊಳ್ಳಮ್ಮಾ."