ಹಾಡಿದಾಕಿ ಹೆಸರು ಮೊದಲು

ಮೈಕ್ ಸೆಟ್ಟಿನವರೆಲ್ಲ ‘ಹಲೋ, ಹಲೋ’ ಎಂದು ಶುರು ಮಾಡಿದರೆ, ಹಿರೇಹಡಗಲಿಯ ಕೊಟ್ರಪ್ಪಣ್ಣ ಉಗುರಿನಿಂದ ಮೈಕಿಗೆ ಎರಡು ಸಲ ಕುಟ್ಟಿ, ಹಾಡುವವರ ಹೆಸರು, ಊರು ಹೇಳುತ್ತಿದ್ದ. ಮದುವೆಗಳಿಗೆ ಮೈಕ್ ಬಾಡಿಗೆ ಕೊಡುವುದು ಅವನ ಕಸುಬು. ಬಿಡುವಾದಾಗ ಮುದುಕಿಯರ ಹಾಡು ರೆಕಾರ್ಡ್ ಮಾಡುವುದು ಅವನ ಹುಚ್ಚು. ಜೇಬಿನಲ್ಲಿ ಟೆಸ್ಟರು, ಹೆಗಲ ಮೇಲೆ ವೈರಿನ ಸುರುಳಿ, ಬಾಯಲ್ಲಿ ಎಲ್ಲರಿಗೂ ‘ಲೇ ತಮ್ಮಾ’. ನನ್ನ ವಿದ್ಯಾರ್ಥಿಗಳ ಎದುರಿಗೂ ನಾನು ಅವನಿಗೆ ‘ಲೇ ತಮ್ಮಾ’ನೇ.

ಅವನನ್ನು ಮುಕ್ತ ಪರವಾನಗಿಯ ಲೋಕಕ್ಕೆ ಎಳೆದು ತಂದವನು ನಾನು. ಹಡಗಲಿಯಲ್ಲಿ ಪಾಠ ಹೇಳಿಕೊಂಡು, ಹಾಡು, ಚಿತ್ರ, ಬರಹಗಳನ್ನು ಎಲ್ಲರ ಬಳಕೆಗೆ ಬಿಟ್ಟುಕೊಡುವ ಒಂದು ಜಾಲತಾಣದ ನಿರ್ವಾಹಕನಾಗಿದ್ದೆ. ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು, ಮೂಲದವರ ಹೆಸರು ಹೇಳಿದರಾಯಿತು ಎಂದು ವಿವರಿಸಿದೆ.

“ಇಷ್ಟಕ್ಕ ಪರವಾನಗಿ ಯಾಕ ಬೇಕಲೇ ತಮ್ಮಾ? ನಾ ಮೊದ್ಲಿಂದ ಮಾಡಾದು ಅದನ್ನ ಅಲ್ಲೇನು?” ಎಂದು ನಕ್ಕ.

ನಮ್ಮ ಬಳಗ ಹರಪನಹಳ್ಳಿಯ ಶಾಲೆಯೊಂದರಲ್ಲಿ ಸಭೆ ಸೇರಿದಾಗ ಜಗಳವೇ ಆಯಿತು. ಮಾರಾಟಕ್ಕೆ ಬಿಡಬಾರದು ಎಂದು ಅರ್ಧ ಜನ. ಅವರ ಮುಂದಾಳು ಒಬ್ಬ ನಿವೃತ್ತ ಅಧಿಕಾರಿ. ಕೊಟ್ರಪ್ಪಣ್ಣ ಹಿಂದಿನ ಬೆಂಚಿನಿಂದ ಎದ್ದ. “ನಾ ಮೈಕಿಗೆ ಬಾಡಿಗಿ ತಗೊಂತೀನ್ರಿ. ಮದುವ್ಯಾಗ ಈ ಹಾಡು ಹಚ್ಚಿದ್ರ ನಾನೂ ಕಳ್ಳ ಆಗ್ತೀನೇನು? ಬೀಗ ಹಾಕಬ್ಯಾಡ್ರಿ. ಹಾಡಿದಾಕಿ ಹೆಸರು ಹೇಳ್ರಿ, ಸಾಕು.” ಬಹುಮತ ಅವನ ಕಡೆ ತಿರುಗಿತು. ಮೈಕಿನವನ ಮುಂದೆ ಸೋತದ್ದನ್ನು ಆ ಅಧಿಕಾರಿ ಮರೆಯಲಿಲ್ಲ.

ಗಂಗಮಾಳವ್ವ ಕುರಿ ಕಾಯುತ್ತಲೇ ಮುದುಕಿಯಾದವಳು. ಕುರುಬರ ದೇವರು ಬೀರಪ್ಪನ ಹಾಡನ್ನು ಕೊನೆಯವರೆಗೆ ಬಲ್ಲವಳು ನಮ್ಮ ಕಡೆ ಅವಳೊಬ್ಬಳೇ ಉಳಿದಿದ್ದಳು. ಒಪ್ಪಿಗೆ ಕೇಳಿದಾಗ ದೇವರ ಭಂಡಾರ ಮುಟ್ಟಿ, ಆ ಅರಿಶಿನ ಪುಡಿಯನ್ನು ಹಣೆಗಿಟ್ಟುಕೊಂಡು, ಮೈಕಿನಲ್ಲೇ ಹೇಳಿದಳು: “ಅಪ್ಪನ ಹಾಡು. ಯಾರಾರ ಕೇಳ್ಲಿ, ಯಾರಾರ ಹಾಡ್ಲಿ. ಭಂಡಾರ ಮುಟ್ಟೇನಿ.” ಹಾಗೆ ಕೊಟ್ಟ ಮಾತನ್ನು ಆ ಜನ ಜೀವ ಹೋದರೂ ಮುರಿಯುವುದಿಲ್ಲ. ಅಂಥವಳಿಗೆ ಸಹಿ ಹಾಕು ಎನ್ನಲು ಕೊಟ್ರಪ್ಪಣ್ಣನಿಗೆ ಬಾಯಿ ಬರಲಿಲ್ಲ. ಹಾಗೆಯೇ ಹಾಡನ್ನು ನಮ್ಮ ಜಾಲತಾಣಕ್ಕೆ ಹಾಕಿದ.

ಮುಂದೆ ಯಾವುದೋ ಕಂಪನಿ ಆ ಹಾಡಿಗೆ ಡೋಲು, ಕೀಬೋರ್ಡು ಸೇರಿಸಿ, ಮೊದಲಲ್ಲಿದ್ದ ಹೆಸರು ಕತ್ತರಿಸಿ ಮಾರಿತು. ಹೆಸರು ಹಾಕಿ ಎಂದು ನಾವು ಕಂಪನಿಗೆ ಬರೆಯಬೇಕಿತ್ತು. ಒಂದು ಸಾಲೂ ಬರೆಯಲಿಲ್ಲ. ಅದರ ಬದಲು, ಮಾರಾಟಕ್ಕೆ ಬಿಟ್ಟದ್ದು ತಪ್ಪೋ ಸರಿಯೋ ಎಂದು ನಮ್ಮನಮ್ಮಲ್ಲೇ ಕಚ್ಚಾಡಿದೆವು. ನಿವೃತ್ತ ಅಧಿಕಾರಿಗೆ ಕೊನೆಗೂ ದಾರಿ ಸಿಕ್ಕಿತು: ಗಾಯಕಿಯ ಸಹಿ ಇರುವ ಒಪ್ಪಿಗೆ ಪತ್ರ ಎಲ್ಲಿ? ಭಂಡಾರದ ಮಾತು ಹಾಡಿನ ಜೊತೆಗೇ ಇದೆ ಎಂದು ನಾನು ಬರೆದೆ. “ಅರಿಶಿನ ಪುಡಿ ದಾಖಲೆಯಲ್ಲ” ಎಂಬ ಉತ್ತರ ಬಂತು. ಗಂಗಮಾಳವ್ವ ಆಗಲೇ ತೀರಿಕೊಂಡಿದ್ದಳು.

ಜಾಲತಾಣದಿಂದ ಹಾಡನ್ನು ಅಳಿಸುವ ಗುಂಡಿ ಒತ್ತಿದವನು ನಾನೇ. ನಿಯಮಕ್ಕೆ ತಲೆಬಾಗಿದೆ ಎಂದು ಹೇಳಿಕೊಂಡೆ. ಸುಳ್ಳು. ಬಳಗದಲ್ಲಿ ಒಳ್ಳೆಯವನೆನಿಸಿಕೊಳ್ಳುವ ಚಪಲ ಅದು, ಬೇರೇನೂ ಅಲ್ಲ. ಹೇಗೂ ಅವನ ಹತ್ತಿರ ಮೂಲ ಇದ್ದೇ ಇರುತ್ತದಲ್ಲ ಎಂದುಕೊಂಡಿದ್ದೆ.

ಮರುದಿನ ಅವನು ಹಡಗಲಿಗೆ ಬಂದ. “ನನ್ನತ್ರ ಎಲ್ಲೈತಿ ತಮ್ಮಾ? ಎಲ್ಲಾರ ಮನ್ಯಾಗ ಐತಲ್ಲ ಅಂತ ಕಾರ್ಡ್ ಅಳಿಸಿ ಮುಂದಿನಾಕಿ ಹಾಡು ತುಂಬ್ಕೊಂಡೀನಿ. ನೀನೇ ಹೇಳಿದ್ದಿಲ್ಲೇನು, ಅಲ್ಲಿಟ್ಟಿದ್ದು ಎಲ್ಲೂ ಹೋಗಂಗಿಲ್ಲ ಅಂತ?”

ಹೇಳಿದ್ದೆ. ಅಳಿಸಿದ್ದನ್ನು ಮರಳಿ ತರಲು ಬರುವುದಿಲ್ಲ ಎಂಬುದನ್ನು ಮಾತ್ರ ಈಗಷ್ಟೇ ಹೇಳಿದೆ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯದೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಆಮೇಲೆ ಅವನನ್ನು ಕಂಡದ್ದು ಒಂದೇ ಸಲ, ಹರಪನಹಳ್ಳಿಯ ಮದುವೆಯೊಂದರಲ್ಲಿ. ಹೆಣ್ಣಿನ ಕಡೆಯವರು ಬೀರಪ್ಪನ ಹಾಡು ಕೇಳಿದರು. ಜಗತ್ತಿನಲ್ಲಿ ಈಗ ಉಳಿದಿರುವುದು ಆ ಕಂಪನಿಯದೊಂದೇ. ಅವನು ಉಗುರಿನಿಂದ ಮೈಕಿಗೆ ಎರಡು ಸಲ ಕುಟ್ಟಿದ. “ಹಾಡಿದಾಕಿ ಗಂಗಮಾಳವ್ವ, ಹಿರೇಹಡಗಲಿ.” ಆಮೇಲೆ ಡೋಲು, ಕೀಬೋರ್ಡುಗಳ ನಡುವೆ ಮುದುಕಿಯ ದನಿ ಬಂತು.

ಹತ್ತಿರ ಹೋಗಿ “ಕೊಟ್ರಪ್ಪಣ್ಣಾ” ಎಂದೆ. ಅವನು ವೈರು ಸರಿಮಾಡುತ್ತಿದ್ದವನು ಎದ್ದು ನಿಂತು ಕೈಮುಗಿದ.

“ಊಟ ಮಾಡ್ಕೊಂಡು ಹೋಗ್ರಿ, ಸರ್” ಎಂದ.