ಚೆಂಡುಗಳಿಗೆ ಕೈ ತೋರಿಸುವ ಪೊಲೀಸಪ್ಪ

ಟ್ರಾಫಿಕ್ ಪೊಲೀಸಪ್ಪನವರು ನಿವೃತ್ತರಾಗಿ ಎಷ್ಟೋ ಕಾಲವಾದರೂ, ಬೆಳಗಾದರೆ ಬೂಟು ತೊಟ್ಟೇ ಟಿ.ವಿ. ಮುಂದೆ ನಿಲ್ಲುವವರು. ವಿಡಿಯೋ ಗೇಮಿನಲ್ಲಿ ಎಡಬಲದಿಂದ ಚೆಂಡುಗಳು ನುಗ್ಗುತ್ತವೆ. ಕೆಂಪು ಬಂದರೆ ಕೈಬೀಸಿ ಹೊಡೆಯಬೇಕು, ನೀಲಿ ಬಂದರೆ ಪಕ್ಕಕ್ಕೆ ಸರಿಯಬೇಕು. ಇವರೋ, ಹಳೇ ಚಾಳಿ ಬಿಡದೆ ಅಂಗೈ ಎತ್ತಿ, “ಏಯ್ ಕೆಂಪು, ನಿಲ್ಲೋ! ನೀಲಿ, ನೀನು ಹೋಗಪ್ಪಾ!” ಎನ್ನುತ್ತಾರೆ. ಚೆಂಡು ನಿಲ್ಲದೆ ಅಂಕ ಹೋಯಿತೋ, “ಲೈಸೆನ್ಸ್ ಕೊಟ್ಟವನ್ಯಾರೋ ನಿಂಗೆ!” ಎಂದು ಬೆವರೊರೆಸಿಕೊಂಡು ಮತ್ತೆ ಸಜ್ಜು. “ರೀ, ತಿಂಡಿ ಆರಿಹೋಗ್ತಿದೆ,” ಎಂದು ಹೆಂಡತಿ ಕೂಗಿದರೆ, “ಇರೇ, ಜಾಮ್ ಆಗಿದೆ!” ಎಂಬ ಉತ್ತರ. ಮೊದಮೊದಲು ಆಕೆ ಈ ಗದ್ದಲಕ್ಕೆ ತಲೆ ಚಚ್ಚಿಕೊಂಡದ್ದೂ ಉಂಟು. ಆದರೆ ಈ ಆಟಕ್ಕೂ ಮುಂಚೆ, ಹೋದ ವರ್ಷ, ಹಾಲು ತರಲು ಹೋದ ಇದೇ ಗಂಡ, ತಾವು ಆಯುಷ್ಯವೆಲ್ಲ ಸೀಟಿ ಊದಿದ ಸರ್ಕಲ್ಲಿನಲ್ಲೇ ನಿಂತು, ಮನೆಗೆ ಯಾವ ರಸ್ತೆ ಎಂದು ದಾರಿಹೋಕರನ್ನು ಕೇಳಿದ್ದರು. ಆಮೇಲೆಯೇ ಮೊಮ್ಮಗಳು, ತಾತನ ತಲೆ ಚುರುಕಾಗಿರಲೆಂದು, ಈ ಆಟ ತಂದು ಜೋಡಿಸಿದ್ದು. ಈಗ ಅವರು ಹಾಲಿನ ಚೀಲ ಹಿಡಿದು ಅದೇ ಸರ್ಕಲ್ಲಿನಲ್ಲಿ ಒಂದು ಕ್ಷಣ ನಿಂತು, ಎಡಬಲ ನೋಡಿ, ಅಂಗೈ ಎತ್ತಿ ತಮಗೆ ತಾವೇ ದಾರಿ ಬಿಡಿಸಿಕೊಂಡು, ಸೀದಾ ಮನೆಯ ರಸ್ತೆಗೆ ತಿರುಗುತ್ತಾರೆ. ಕಿಟಕಿಯಲ್ಲಿ ಕಾದು ನಿಂತ ಹೆಂಡತಿ, ಬಾಗಿಲು ತೆರೆಯಲು ಹೋಗುವ ಮುನ್ನ, ಆ ಆಟದ ಪೆಟ್ಟಿಗೆಯ ಮೇಲಿನ ದೂಳನ್ನು ಮಗುವಿನ ಕೆನ್ನೆ ಒರೆಸಿದ ಹಾಗೆ ಮೆತ್ತಗೆ ಒರೆಸುತ್ತಾಳೆ.